ಅನುಭವ ಇಲ್ಲದೆ ಮನೆಯಿಂದ ಟ್ರಾನ್ಸ್‌ಕ್ರಿಪ್ಷನ್ ಕೆಲಸ ಸಿಗುತ್ತಾ?

ಪ್ರಶ್ನೆ: ಮಗು ಶಾಲೆಗೆ ಹೋದ ಮೇಲೆ ನಾಲ್ಕು ಗಂಟೆ ಬಿಡುವಿರುತ್ತದೆ. ಕನ್ನಡ, ಇಂಗ್ಲಿಷ್ ಎರಡೂ ಟೈಪಿಂಗ್ ಬರುತ್ತದೆ. ಟ್ರಾನ್ಸ್‌ಕ್ರಿಪ್ಷನ್ (ಆಡಿಯೊ ಕೇಳಿ ಬರಹಕ್ಕೆ ಇಳಿಸುವ ಕೆಲಸ) ಕಲಿಸುವವರೊಬ್ಬರು ‘ಕೋರ್ಸ್ ಮಾಡದೆ ಯಾರೂ ಕೆಲಸ ಕೊಡಲ್ಲ’ ಅಂತಾರೆ. ನಿಜಾನಾ?
– ಓದುಗರು, ಬಸವೇಶ್ವರನಗರ, ಬೆಂಗಳೂರು

ಉತ್ತರ: ಆಸ್ಪತ್ರೆಯ ಕೆಲಸವಾದರೆ ಸ್ವಲ್ಪ ನಿಜ. ಔಷಧಿ, ಕಾಯಿಲೆಗಳ ಹೆಸರು ಗೊತ್ತಿಲ್ಲದೆ ಡಾಕ್ಟರ ಮಾತು ಬರೆಯೋಕೆ ಆಗಲ್ಲ. ಆದರೆ ಅಲ್ಲಿ ಈಗ ಮೊದಲ ಕರಡನ್ನು ಹೆಚ್ಚಾಗಿ ಯಂತ್ರವೇ ಮಾಡುತ್ತದೆ. ಜನ ತಿದ್ದುತ್ತಾರೆ. ದುಡ್ಡು ಕಟ್ಟುವ ಮೊದಲು ಯೋಚಿಸಿ.

ಉಳಿದ ಕಡೆ ಕೋರ್ಸ್ ಬೇಡ. ಗೋಟ್ರಾನ್ಸ್‌ಕ್ರಿಪ್ಟ್‌ನಂಥ ತಾಣಗಳು ಸರ್ಟಿಫಿಕೇಟ್ ಕೇಳುವುದಿಲ್ಲ, ಒಂದು ಪರೀಕ್ಷೆ ಕೊಡುತ್ತವೆ. ಅದಕ್ಕೆ ಮನೆಯಲ್ಲೇ ಕೈ ಪಳಗಿಸಬಹುದು. ಓಟ್ರಾನ್ಸ್‌ಕ್ರೈಬ್ ಅನ್ನೋದು ಬ್ರೌಸರ್‌ನಲ್ಲೇ ತೆರೆಯುವ ಉಚಿತ ಸಾಧನ. ಎಸ್ಕೇಪ್ ಒತ್ತಿದರೆ ಧ್ವನಿ ನಿಲ್ಲುತ್ತದೆ, ಎಫ್1 ಒತ್ತಿದರೆ ಹಿಂದಕ್ಕೆ ಹೋಗುತ್ತದೆ, ಕೈ ಮೌಸ್‌ಗೆ ಹೋಗೋದೇ ಬೇಡ. ಆಕಾಶವಾಣಿ ವಾರ್ತೆ ಹಾಕಿಕೊಳ್ಳಬೇಡಿ, ಅದು ತೀರಾ ಸುಲಭ. ಟಿವಿ ಚರ್ಚೆ ಹಾಕಿಕೊಳ್ಳಿ, ನಾಲ್ಕು ಜನ ಒಟ್ಟಿಗೆ ಕೂಗಾಡುವಂಥದ್ದು.

ಹೊಸಬರು ಎಡವುವುದು ಸ್ಪೀಡಿನಲ್ಲಲ್ಲ, ನಿಯಮ ಓದದೆ ಇರುವುದರಲ್ಲಿ. ‘ಅದು... ಅದೇನಂದ್ರೆ ಸರ್, ಮೀಟಿಂಗು ಪೋಸ್ಟ್‌ಪೋನ್ ಆಯ್ತು’ ಅಂತ ಕೇಳಿಸಿತು ಅನ್ನಿ. ವರ್ಬೇಟಿಮ್, ಅಂದರೆ ಆಡಿದ್ದನ್ನು ಆಡಿದ ಹಾಗೇ, ಕೇಳಿದ್ದರೆ ತಡವರಿಕೆ ಸಮೇತ ಬರೆಯಬೇಕು, ಕ್ಲೀನ್ ವರ್ಬೇಟಿಮ್ ಆದರೆ ಆ ಮೊದಲ ‘ಅದು’ ತೆಗೆಯಬೇಕು. ‘ಆಯ್ತು’ ಹಾಗೇ ಇರಬೇಕೋ, ‘ಮೀಟಿಂಗ್’ ಯಾವ ಲಿಪಿಯಲ್ಲೋ, ಅದನ್ನೂ ಕೆಲಸ ಕೊಟ್ಟವರ ನಿಯಮದಲ್ಲೇ ನೋಡಿ. ಕೇಳಿಸದ್ದನ್ನು ಊಹಿಸಿ ತುಂಬಬೇಡಿ. ಅಲ್ಲಿ ಸಮಯ ಗುರುತು ಹಾಕಿ ಮುಂದೆ ಹೋಗಿ.

ಈಗ ದುಡ್ಡು. ಇಲ್ಲಿ ಲೆಕ್ಕ ಆಡಿಯೊದ ನಿಮಿಷಕ್ಕೆ, ನೀವು ಕೂತ ಹೊತ್ತಿಗಲ್ಲ. ಒಂದು ಗಂಟೆ ಆಡಿಯೊಗೆ ಪಳಗಿದವರಿಗೇ ಸುಮಾರು ನಾಲ್ಕು ಗಂಟೆ ಬೇಕು, ಹೊಸಬರಿಗೆ ಆರು ದಾಟಬಹುದು. ಒಂದು ಗಂಟೆ ಆಡಿಯೊಗೆ 600 ರೂಪಾಯಿ ಕೊಡ್ತೀವಿ ಅಂದರೆ ನಿಮಗೆ ಬೀಳೋದು ಗಂಟೆಗೆ 100. ದರ ಒಪ್ಪುವ ಮೊದಲು ಆಡಿಯೊದ ಐದು ನಿಮಿಷ ಕೇಳಿಸಿಕೊಳ್ಳಿ. ಹೋಟೆಲ್‌ನಲ್ಲಿ ಕೂತು ರೆಕಾರ್ಡ್ ಮಾಡಿದ್ದಾದರೆ ಜಾಸ್ತಿ ಕೇಳಿ, ಇಲ್ಲ ಬಿಟ್ಟುಬಿಡಿ.

ನನ್ನ ಕೇಳಿದರೆ ಕನ್ನಡವನ್ನೇ ಹಿಡಿಯಿರಿ. ಇಂಗ್ಲಿಷ್‌ನಲ್ಲಿ ನಿಮ್ಮ ಪೈಪೋಟಿ ಇಡೀ ಪ್ರಪಂಚದ ಜೊತೆ, ಯಂತ್ರದ ಜೊತೆ ಕೂಡ. ಕಲಬುರಗಿಯವರ ಮಾತು, ಕುಂದಾಪುರದವರ ಮಾತು ಕೇಳಿ ಬರೆಯಬಲ್ಲವರು ಕಡಿಮೆ. ಯಂತ್ರಕ್ಕೆ ಮಾತು ಕಲಿಸಲೂ ಇಂಥ ಬರಹ ಬೇಕು: ಇಲ್ಲಿನ ಐಐಎಸ್‌ಸಿ, ಗೂಗಲ್ ಜೊತೆ ಸೇರಿ ನಡೆಸುವ ವಾಣಿ ಯೋಜನೆ ಜಿಲ್ಲೆ ಜಿಲ್ಲೆಯ ಮಾತು ಸಂಗ್ರಹಿಸಿ, ಒಂದು ಪಾಲನ್ನು ಬರಹಕ್ಕೆ ಇಳಿಸುತ್ತದೆ. ಹಳ್ಳಿಗಳಲ್ಲಿ ಸಂದರ್ಶನ ಮಾಡಿ ಬಂದ ಪಿಎಚ್‌ಡಿ ವಿದ್ಯಾರ್ಥಿಗಳು, ಎನ್‌ಜಿಒಗಳನ್ನೂ ವಿಚಾರಿಸಿ. ಅವರ ಆಡಿಯೊವನ್ನು ಸುಮ್ನೆ ಯಾವುದೋ ಉಚಿತ ಆ್ಯಪ್‌ಗೆ ಹಾಕಬೇಡಿ, ಅದರಲ್ಲಿ ಜನರ ಖಾಸಗಿ ವಿಷಯ ಇರುತ್ತದೆ.

ರಿಜಿಸ್ಟ್ರೇಷನ್ ಫೀ ಕೇಳುವವರಿಂದ ದೂರ ಇರಿ. ಇನ್ನು ಕೆಲವರು ಮೊದಲು ಅಗ್ರಿಮೆಂಟ್‌ಗೆ ಸಹಿ ಹಾಕಿಸಿ, ಆಮೇಲೆ ‘ತಪ್ಪು ಜಾಸ್ತಿ, ದಂಡ ಕಟ್ಟಿ’ ಎಂದು ವಕೀಲರ ನೋಟಿಸ್ ತೋರಿಸಿ ಹೆದರಿಸುತ್ತಾರೆ. ಒಂದು ಪೈಸೆ ಕಳಿಸಬೇಡಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ.