ಕಿಡ್ನಿ ಕಸಿ ಆದಮೇಲೆ ಲಿಂಫೋಮಾ ಭಯ: ಮಾತ್ರೆ ಕಡಿಮೆ ಮಾಡಬಹುದಾ?

ಪ್ರಶ್ನೆ: ಕಿಡ್ನಿ ಕಸಿ ಆದವರಿಗೆ ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಬರಬಹುದು, ಅದಕ್ಕೆ ದಿನಾ ನುಂಗುವ ಮಾತ್ರೆಗಳೇ ಕಾರಣ ಅಂತಾರೆ. ಹಾಗಾದರೆ ಮಾತ್ರೆ ಕಡಿಮೆ ಮಾಡಿಕೊಳ್ಳೋದು ಒಳ್ಳೆಯದಲ್ವಾ?

ಉತ್ತರ: ಕೇಳಿದ್ದರಲ್ಲಿ ನಿಜ ಇದೆ. ಆದರೆ ನೀವಾಗಿಯೇ ಒಂದು ಮಾತ್ರೆಯನ್ನೂ ಬಿಡಬೇಡಿ.

ಇಲ್ಲಿ ಹೆಚ್ಚಾಗಿ ಕಿತಾಪತಿ ಮಾಡುವುದು 1964ರಲ್ಲಿ ಪತ್ತೆಯಾದ ಎಪ್‌ಸ್ಟೀನ್-ಬಾರ್ ವೈರಸ್. ದೊಡ್ಡವರಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಜನರ ಮೈಯಲ್ಲಿ ಅದು ಆಗಲೇ ಸೇರಿಕೊಂಡಿರುತ್ತದೆ. ಬಿಳಿ ರಕ್ತಕಣಗಳಲ್ಲಿ ಬಿ ಕಣ, ಟಿ ಕಣ ಅಂತ ಬಗೆಗಳಿವೆ. ವೈರಸ್ ಬಿ ಕಣಗಳೊಳಗೆ ಸುಮ್ನೆ ಬಿದ್ದಿರುತ್ತದೆ, ಟಿ ಕಣಗಳು ಅದನ್ನು ತಲೆ ಎತ್ತಲು ಬಿಡುವುದಿಲ್ಲ. ತೊಂದರೆ ಏನೆಂದರೆ, ಹೊಸ ಕಿಡ್ನಿಯನ್ನು ಪರಕೀಯ ಅಂದುಕೊಂಡು ಮೇಲೆ ಬೀಳುವುದೂ ಇದೇ ಟಿ ಕಣಗಳು. ಟ್ಯಾಕ್ರೊಲಿಮಸ್‌ನಂಥ ಮಾತ್ರೆ ಅವುಗಳ ಕೈ ಕಟ್ಟುತ್ತದೆ. ಕಿಡ್ನಿ ಉಳಿಯುತ್ತದೆ, ವೈರಸ್ ಮೇಲಿನ ಕಾವಲು ಸಡಿಲವಾಗುತ್ತದೆ. ಆಗ ಬಿ ಕಣಗಳು ಅಂಕೆ ಮೀರಿ ಬೆಳೆದು ಲಿಂಫೋಮಾ ಆಗಬಹುದು.

ಎಲ್ಲರಿಗೂ ಬರುವ ಕಾಯಿಲೆ ಅಲ್ಲ ಇದು. ಕಿಡ್ನಿ ಕಸಿಯಾದ ದೊಡ್ಡವರಲ್ಲಿ ಸುಮಾರು ನೂರಕ್ಕೆ 1ರಿಂದ 3 ಮಂದಿಗೆ ಬರುತ್ತದೆ. ಮಕ್ಕಳಲ್ಲಿ ಅಪಾಯ ಜಾಸ್ತಿ. ಮೈಯಲ್ಲಿ ಇನ್ನೂ ವೈರಸ್ ಇಲ್ಲದ ಮಗುವಿಗೆ ವೈರಸ್ ಇರುವವರ ಕಿಡ್ನಿ ಹಾಕಿದರೆ, ಮೊದಲ ಸಲ ಸೋಂಕು ತಗಲುವುದೇ ಕಾವಲು ಸಡಿಲ ಇರುವಾಗ. ಮೊದಲ ವರ್ಷ ಹೆಚ್ಚು ಎಚ್ಚರ ಬೇಕು. ಹಾಗಂತ ಹತ್ತು ವರ್ಷ ಕಳೆದವರೂ ಮೈಮರೆಯುವಂತಿಲ್ಲ. ತಡವಾಗಿ ಬರುವ ಲಿಂಫೋಮಾದಲ್ಲಿ ಎಷ್ಟೋ ಸಲ ಈ ವೈರಸ್ ಇರುವುದೇ ಇಲ್ಲ.

ಕತ್ತು, ಕಂಕುಳು, ತೊಡೆಸಂದಿನಲ್ಲಿ ಗಂಟು, ಬಿಡದ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ತಕ್ಷಣ ತೋರಿಸಿ. ಕೆಲವರಿಗೆ ಗಂಟೇ ಇರುವುದಿಲ್ಲ. ಕರುಳಿನಲ್ಲಿ ಶುರುವಾಗಿ ಹೊಟ್ಟೆನೋವು, ಕಪ್ಪು ಮಲ ಕಾಣಿಸಬಹುದು. ಕಸಿ ಮಾಡಿದ ಕಿಡ್ನಿಯಲ್ಲೇ ಬಂದರೆ ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ರಕ್ತದಲ್ಲಿ ಹೆಚ್ಚುವ ಕಲ್ಮಶ) ಏರುತ್ತದೆ. ಬಯಾಪ್ಸಿ, ಅಂದರೆ ಆ ಜಾಗದ ಚೂರು ತೆಗೆದು ಪರೀಕ್ಷೆ, ಮಾಡದೆ ಖಚಿತ ಹೇಳಲಾಗದು.

ಇನ್ನು ನಿಮ್ಮ ಪ್ರಶ್ನೆ. ಕಾಯಿಲೆ ಖಚಿತವಾದರೆ ವೈದ್ಯರು ಸಾಮಾನ್ಯವಾಗಿ ಮೊದಲು ಮಾಡುವುದೇ ಮಾತ್ರೆಯ ಪ್ರಮಾಣ ಇಳಿಸುವುದು. ಕೆಲವರಲ್ಲಿ ಅಷ್ಟಕ್ಕೇ ಗಂಟು ಕರಗುತ್ತದೆ. ಸಾಲದಿದ್ದರೆ ಬಿ ಕಣಗಳನ್ನು ನಾಶಮಾಡುವ ರಿಟುಕ್ಸಿಮ್ಯಾಬ್ ಔಷಧಿ, ಮುಂದೆ ಕೀಮೋ. ಆದರೆ ಪ್ರತಿ ಹೆಜ್ಜೆಗೂ ಕ್ರಿಯಾಟಿನಿನ್ ನೋಡಿಕೊಂಡೇ ಇಳಿಸುತ್ತಾರೆ. ಕಾಯಿಲೆ ಇಲ್ಲದಿರುವಾಗ ಭಯಕ್ಕೆ ಮಾತ್ರೆ ಬಿಟ್ಟರೆ, ಬಾರದೇ ಇರಬಹುದಾದ ಲಿಂಫೋಮಾಕ್ಕೆ ಹೆದರಿ ಕೈಯಲ್ಲಿರುವ ಕಿಡ್ನಿ ಕಳೆದುಕೊಂಡ ಹಾಗೆ. ಪ್ರಮಾಣ ಜಾಸ್ತಿ ಅನಿಸಿದರೆ ಮುಂದಿನ ತಪಾಸಣೆಯಲ್ಲಿ ರಕ್ತದಲ್ಲಿನ ಟ್ಯಾಕ್ರೊಲಿಮಸ್ ಮಟ್ಟ ಎಷ್ಟಿದೆ, ಇಳಿಸಲು ಆಗುತ್ತಾ ಅಂತ ನೇರವಾಗಿ ಕೇಳಿ.