ಒಪ್ಪಂದ ಕೈಯಲ್ಲಿದೆ, ಹಣ್ಣು ಕೊಳ್ಳಲು ಕಾಸಿಲ್ಲ

ಉಗಾಂಡದ ಪೂರ್ವ ಗಡಿಯಲ್ಲಿ ಎಲ್ಗಾನ್ ಬೆಟ್ಟವಿದೆ. ಅದರ ಇಳಿಜಾರಿನಲ್ಲಿ ಅರೇಬಿಕಾ ಕಾಫಿ ಬೆಳೆಯುವವರಲ್ಲಿ ಹೆಚ್ಚಿನವರ ಜಮೀನು ಒಂದು ಎಕರೆ, ಎರಡು ಎಕರೆ, ಅಷ್ಟೇ. ಬಾಳೆಯ ನೆರಳು, ನಡುನಡುವೆ ಬೀನ್ಸ್, ಅಂಚಿನಲ್ಲಿ ಒಂದೆರಡು ಮೇಕೆ. ವರ್ಷದ ಕೊನೆಯ ತಿಂಗಳುಗಳಲ್ಲಿ ಕೊಯ್ಲು ಜೋರಾಗುತ್ತದೆ. ಕೊಯ್ದ ಹಣ್ಣನ್ನು ಅವತ್ತೇ ಪಲ್ಪರ್‌ಗೆ, ಅಂದರೆ ಸಿಪ್ಪೆ ಸುಲಿಯುವ ಯಂತ್ರಕ್ಕೆ, ಹಾಕಬೇಕು. ತಡವಾದರೆ ಹುಳಿ ಹಿಡಿಯುತ್ತದೆ, ರುಚಿ ಕೆಡುತ್ತದೆ. ಅಂದರೆ ಸಂಜೆ ಹಣ್ಣು ಹೊತ್ತು ತಂದ ರೈತನಿಗೆ ಅವತ್ತೇ ದುಡ್ಡು ಕೊಡುವವರು ಬೇಕು.

ಅವನ ಸೊಸೈಟಿಯ ಹತ್ತಿರ ಯುರೋಪಿನ ಕಾಫಿ ಹುರಿಯುವ ಕಂಪನಿಯೊಂದರ ಖರೀದಿ ಒಪ್ಪಂದ ಇರುತ್ತದೆ. ರೈತರಿಗೆ ಕನಿಷ್ಠ ಬೆಲೆಯ ಭರವಸೆ ಕೊಡುವ ಫೇರ್‌ಟ್ರೇಡ್ ಮುದ್ರೆ, ಒಳ್ಳೆಯ ಬೆಲೆ, ಎಲ್ಲವೂ ಸರಿ. ಆದರೆ ದುಡ್ಡು ಬರುವುದು ಕಾಫಿ ಹಡಗು ಹತ್ತಿದ ಮೇಲೆ. ತೊಳೆದು, ಒಣಗಿಸಿ, ಮಿಲ್‌ಗೆ ಕಳಿಸಿ, ಮಲಾಬಾದಲ್ಲಿ ಗಡಿ ದಾಟಿಸಿ, ಕೆನ್ಯಾದ ಮೊಂಬಾಸಾ ಬಂದರು ಮುಟ್ಟಿಸುವಷ್ಟರಲ್ಲಿ ತಿಂಗಳುಗಟ್ಟಲೆ ಕಳೆದಿರುತ್ತದೆ. ಪೂರ್ವ ಆಫ್ರಿಕಾದ ಇಂಥ ಸೊಸೈಟಿಗಳ ಸಾಲದ ಅರ್ಜಿ ನೋಡುವುದು ನನ್ನ ಕೆಲಸ. ಊರಿಗೆ ಬಂದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಆ ರೈತರಿಗೆ ನಿಜವಾಗಿಯೂ ನ್ಯಾಯವಾದ ಬೆಲೆ ಸಿಗುತ್ತಾ?" ಬೆಲೆಯ ಮಾತು ಆಮೇಲೆ. ನಾನು ನೋಡಿದ ಮಟ್ಟಿಗೆ, ಕೊಯ್ಲಿನ ವಾರ ಕೈಯಲ್ಲಿ ಕಾಸಿಲ್ಲದೆ ಮುಚ್ಚಿಹೋದ ಸೊಸೈಟಿಗಳೇ ಜಾಸ್ತಿ.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಕಂಟೇನರ್ ಎಂದರೆ 60 ಕಿಲೋದ 320 ಚೀಲ, ಒಟ್ಟು 19.2 ಟನ್ ಕಾಫಿ ಬೀಜ. ಅಷ್ಟು ಬೀಜಕ್ಕೆ 120 ಟನ್ ಆಸುಪಾಸು ಹಣ್ಣು ಬೇಕು. ತೊಳೆದ ಅರೇಬಿಕಾಕ್ಕೆ ಫೇರ್‌ಟ್ರೇಡ್‌ನ ಕನಿಷ್ಠ ಬೆಲೆ ಪೌಂಡಿಗೆ (ಸುಮಾರು 454 ಗ್ರಾಂ) 1.40 ಡಾಲರ್ ಇತ್ತು, 2023ರ ಆಗಸ್ಟ್‌ನಿಂದ 1.80 ಆಯಿತು. ಅದರ ಮೇಲೆ 20 ಸೆಂಟ್ ಪ್ರೀಮಿಯಂ, ಅಂದರೆ ಸದಸ್ಯರಿಗೆಂದೇ ಕೊಡುವ ಹೆಚ್ಚುವರಿ ದುಡ್ಡು. ಹಾಗೆ ನೋಡಿದರೆ ಒಂದು ಕಂಟೇನರ್‌ಗೆ ಸುಮಾರು 84,600 ಡಾಲರ್. ಸೊಸೈಟಿ ಕೇಳಿಕೊಂಡರೆ ಖರೀದಿದಾರ ಒಪ್ಪಂದದ ಮೌಲ್ಯದ ಶೇ. 60ರವರೆಗೆ ಮುಂಗಡಕ್ಕೆ ದಾರಿ ಮಾಡಿಕೊಡಬೇಕು ಎಂಬ ನಿಯಮ ಫೇರ್‌ಟ್ರೇಡ್‌ನಲ್ಲಿದೆ. ಅಂದರೆ 50,000 ಡಾಲರ್ ಆಸುಪಾಸು. ಒಂದು ಸಣ್ಣ ಸೊಸೈಟಿ ಸೀಸನ್ನಿಗೆ ನಾಲ್ಕು ಕಂಟೇನರ್ ಕಳಿಸುತ್ತದೆ ಅಂದುಕೊಳ್ಳಿ. ಎರಡು ಲಕ್ಷ ಡಾಲರ್ ನಗದು, ಅದೂ ಶಿಲ್ಲಿಂಗ್‌ನಲ್ಲಿ, ಬೆಟ್ಟದ ಮೇಲಿನ ಹಳ್ಳಿಗಳಿಗೆ ವಾರ ವಾರ ತಲುಪಬೇಕು.

ಬ್ಯಾಂಕಿಗೆ ಹೋಗಬಾರದಾ? ಹೋಗುತ್ತಾರೆ. ಬ್ಯಾಂಕು ಜಮೀನಿನ ಪತ್ರ ಕೇಳುತ್ತದೆ. ಉಗಾಂಡದ ಹಳ್ಳಿಗಳಲ್ಲಿ ಹೆಚ್ಚಿನ ಭೂಮಿ ಕುಲದ ರೂಢಿಯ ಪ್ರಕಾರ ಕೈಯಿಂದ ಕೈಗೆ ಬಂದದ್ದು. ನಮ್ಮ ಪಹಣಿಯಂಥ ಕಾಗದ ಇರುವುದೇ ಅಪರೂಪ. ಅಕಸ್ಮಾತ್ ಸಾಲ ಸಿಕ್ಕರೂ ಶಿಲ್ಲಿಂಗ್ ಸಾಲದ ಬಡ್ಡಿ ಶೇ. 18-20ರ ಸುತ್ತ. ನಮ್ಮಲ್ಲಿ ಊರಿನ ಸೊಸೈಟಿಯ ಹಿಂದೆ ಡಿಸಿಸಿ ಬ್ಯಾಂಕ್, ಅದರ ಹಿಂದೆ ಅಪೆಕ್ಸ್ ಬ್ಯಾಂಕ್, ಅದರ ಹಿಂದೆ ನಬಾರ್ಡ್ ನಿಂತಿರುತ್ತವೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಶುರುವಾದ ಕಥೆ ಅದು. ದೂರು ಬೇಕಾದಷ್ಟಿರಬಹುದು, ಆದರೂ ಆ ಸರಪಳಿ ಇದೆ. ಉಗಾಂಡದಲ್ಲೂ ಒಂದು ಸಹಕಾರಿ ಬ್ಯಾಂಕ್ ಇತ್ತು. 1999ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಅದನ್ನು ಮುಚ್ಚಿತು. ಅದಕ್ಕೂ ಹತ್ತು ವರ್ಷ ಮೊದಲು, 1989ರಲ್ಲಿ, ಬೆಲೆಯನ್ನು ಹಿಡಿದಿಡುತ್ತಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ ಮುರಿದುಬಿದ್ದಿತ್ತು. ಆಮೇಲೆ ಸರ್ಕಾರಿ ಮಾರಾಟ ಮಂಡಳಿಯ ಏಕಸ್ವಾಮ್ಯವೂ ಹೋಯಿತು. ಖಾಸಗಿ ವ್ಯಾಪಾರಿಗಳು ನಗದು ಹಿಡಿದು ಬಂದರು, ಹಳೆಯ ಸಹಕಾರಿ ಒಕ್ಕೂಟಗಳು ಸಾಲದಲ್ಲಿ ಮುಳುಗಿದವು. ವಯಸ್ಸಾದ ರೈತರ ಹತ್ತಿರ "ಸಹಕಾರ" ಎಂದರೆ ಈಗಲೂ ಮುಖ ಸಿಂಡರಿಸುತ್ತಾರೆ. ಬಾಕಿ ಬರಬೇಕಾಗಿದ್ದ ದುಡ್ಡು ಅವರಿಗೆ ಬರಲೇ ಇಲ್ಲ.

ಈ ಖಾಲಿ ಜಾಗಕ್ಕೆ ಬಂದದ್ದು ಸಾಲ ಕೊಡುವ ಬೇರೆ ಜಾತಿಯ ಸಂಸ್ಥೆಗಳು. 1968ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಸೇರಿದ್ದ ಚರ್ಚುಗಳ ವಿಶ್ವ ಮಂಡಳಿಯ ಸಭೆಯಿಂದ ಹುಟ್ಟಿದ ಯೋಚನೆ 1975ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಓಯಿಕೊಕ್ರೆಡಿಟ್ ಆಯಿತು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1990ರಲ್ಲಿ ಶೇರ್ಡ್ ಇಂಟರೆಸ್ಟ್ ಶುರುವಾಯಿತು. ಅದರ ಬಂಡವಾಳ ಸಾಮಾನ್ಯ ಜನ ಹಾಕಿದ ಸಣ್ಣ ಷೇರು. ಅಮೆರಿಕದಲ್ಲಿ 1999ರಲ್ಲಿ ಆರಂಭವಾದದ್ದು ರೂಟ್ ಕ್ಯಾಪಿಟಲ್. ಇವರೆಲ್ಲ ಹೆಚ್ಚುಕಡಿಮೆ ಒಂದೇ ಉಪಾಯಕ್ಕೆ ಬಂದು ನಿಂತರು: ಜಮೀನು ಬೇಡ, ಖರೀದಿ ಒಪ್ಪಂದವನ್ನೇ ಆಧಾರವಾಗಿ ಇಟ್ಟುಕೊಂಡು ಸಾಲ ಕೊಡೋಣ.

ಅದು ನಡೆಯುವ ಬಗೆ ಹೀಗೆ. ಸೊಸೈಟಿ, ಖರೀದಿದಾರ, ಸಾಲ ಕೊಡುವವರು ಮೂವರೂ ಒಂದು ಕಾಗದಕ್ಕೆ ಸಹಿ ಹಾಕುತ್ತಾರೆ. ಕಾಫಿಯ ದುಡ್ಡನ್ನು ಖರೀದಿದಾರ ನೇರವಾಗಿ ಸಾಲ ಕೊಟ್ಟವರ ಖಾತೆಗೆ ಹಾಕಬೇಕು. ನಾವು ಒಪ್ಪಂದದ ಮೌಲ್ಯದ ಶೇ. 60ರಿಂದ 70ರಷ್ಟನ್ನು ಕಂತು ಕಂತಾಗಿ ಬಿಡುತ್ತೇವೆ. ಮೊದಲ ಕಂತಿನಲ್ಲಿ ಎಷ್ಟು ಹಣ್ಣು ಬಂತು, ಗೋದಾಮಿನಲ್ಲಿ ಎಷ್ಟು ಪಾರ್ಚ್‌ಮೆಂಟ್ (ಒಳಸಿಪ್ಪೆ ತೆಗೆಯದ ಒಣ ಬೀಜ) ಇದೆ ಎಂದು ನೋಡಿ ಎರಡನೆಯದು. ಹಡಗಿನ ದಾಖಲೆ ಬಂದು, ಖರೀದಿದಾರ ದುಡ್ಡು ಹಾಕಿದ ಮೇಲೆ ಅಸಲು ಬಡ್ಡಿ ಹಿಡಿದುಕೊಂಡು ಉಳಿದದ್ದನ್ನು ಸೊಸೈಟಿಗೆ ಕಳಿಸುತ್ತೇವೆ. ಡಾಲರ್ ಸಾಲ, ಡಾಲರ್ ಆದಾಯ. ಹಾಗಾಗಿ ಶಿಲ್ಲಿಂಗ್ ಬಿದ್ದರೂ ಅಷ್ಟು ಚಿಂತೆಯಿಲ್ಲ. ಆದರೆ ಕಾಫಿಯನ್ನು ಒಳನಾಡಿನಲ್ಲೇ ಶಿಲ್ಲಿಂಗ್‌ಗೆ ಮಾರುವ ಸೊಸೈಟಿಗೆ ಡಾಲರ್ ಸಾಲ ಕೊಡುವುದು ಅವರ ಕುತ್ತಿಗೆಗೆ ಹಗ್ಗ ಹಾಕಿದ ಹಾಗೆ. ನಾನಂತೂ ಅಂಥ ಅರ್ಜಿಗೆ ಸಹಿ ಹಾಕುವುದಿಲ್ಲ.

ಒಪ್ಪಂದ ಎಷ್ಟೇ ಗಟ್ಟಿಯಾಗಿರಲಿ, ಹಣ್ಣು ಬರದಿದ್ದರೆ ಅದು ಬರೀ ಕಾಗದ. ಹಣ್ಣು ಬರುತ್ತದೋ ಇಲ್ಲವೋ ಎಂಬುದು ರೈತನ ಮನಸ್ಸಿಗೆ ಬಿಟ್ಟದ್ದು. ಅವನ ಮನೆ ಬಾಗಿಲಿಗೇ ಮೋಟರ್ ಸೈಕಲ್‌ನಲ್ಲಿ ದಲ್ಲಾಳಿ ಬರುತ್ತಾನೆ. ತೂಕದಲ್ಲಿ ಸ್ವಲ್ಪ ಹೊಡೆಯುತ್ತಾನೆ, ಬೆಲೆಯಲ್ಲೂ ಕಡಿಮೆ. ಆದರೆ ನಗದು. ಇನ್ನೊಂದು ಸಂಗತಿ ಇದೆ. ಶಾಲೆಯ ಫೀಸು ಕಟ್ಟುವ ಹೊತ್ತಿಗೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗ, ಅದೇ ದಲ್ಲಾಳಿ ಕೈಸಾಲ ಕೊಟ್ಟಿರುತ್ತಾನೆ. ಗಿಡದಲ್ಲಿ ಹೂ ಇರುವಾಗಲೇ ಫಸಲು ಅವನದಾಗಿರುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಡಿಕೆ ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟು ಗೊತ್ತಿರುತ್ತದೆ. ಅಲ್ಲಿ ವ್ಯತ್ಯಾಸ ಇಷ್ಟೇ: ಚೌಕಾಸಿ ಮಾಡುವ ತಾಕತ್ತು ಎಕರೆ ಕಾಫಿಯವನಿಗೆ ಇನ್ನೂ ಕಡಿಮೆ.

ಅದಕ್ಕೇ ಸೊಸೈಟಿಯ ಆಫೀಸಿಗೆ ಹೋದಾಗ ನಾನು ಕಟ್ಟಡ, ಕಂಪ್ಯೂಟರ್ ನೋಡುವುದಿಲ್ಲ. ಹಳ್ಳಿಯ ಕೊಳ್ಳುವ ಕೇಂದ್ರದ ತೂಕದ ರಸೀದಿ ಪುಸ್ತಕ ಕೇಳುತ್ತೇನೆ. ಸದಸ್ಯರ ಪಟ್ಟಿಯಲ್ಲಿ ಎಷ್ಟು ಜನರಿದ್ದಾರೆ ಎನ್ನುವುದಕ್ಕಿಂತ, ಹೋದ ಸೀಸನ್ನಿನಲ್ಲಿ ನಿಜವಾಗಿ ಹಣ್ಣು ತಂದವರು ಎಷ್ಟು ಎಂಬುದು ಮುಖ್ಯ. ಎರಡನೇ ಕಂತಿನ ಬಟವಾಡೆ, ಅಂದರೆ ರಫ್ತಾದ ಮೇಲೆ ಸದಸ್ಯರಿಗೆ ಹಂಚುವ ಬಾಕಿ, ಹೇಳಿದ ತಿಂಗಳಲ್ಲಿ ಆಗಿತ್ತಾ? ರಸೀದಿಯಲ್ಲಿ ಹೆಂಗಸರ ಹೆಸರು ಎಷ್ಟಿದೆ? ಹಣ್ಣು ಕೊಯ್ಯುವವರು, ಹೊರುವವರು ಹೆಚ್ಚಾಗಿ ಅವರೇ. ಹೆಸರು, ದುಡ್ಡು ಎರಡೂ ಗಂಡಂದಿರದ್ದಾದ ಕಡೆ ಹಣ್ಣು ರಾತ್ರೋರಾತ್ರಿ ದಲ್ಲಾಳಿಗೆ ಹೋಗುವುದು ಜಾಸ್ತಿ. ಇದಕ್ಕೆ ಯಾವ ಅಧ್ಯಯನದ ಆಧಾರವೂ ಬೇಡ, ಮನೆಯಲ್ಲಿ ಅಕ್ಕಿ ಎಣ್ಣೆ ತರಬೇಕಾದವಳು ಕೈಗೆ ಸಿಕ್ಕ ನಗದಿಗೆ ಒಪ್ಪದೆ ಏನು ಮಾಡುತ್ತಾಳೆ?

ಇನ್ನು ಬೆಲೆಯ ಆಟ. ಎಷ್ಟೋ ಒಪ್ಪಂದಗಳಲ್ಲಿ ಬೆಲೆಯೇ ಬರೆದಿರುವುದಿಲ್ಲ. ನ್ಯೂಯಾರ್ಕ್ ಪೇಟೆಯ ದರದ ಮೇಲೆ ಇಷ್ಟು ಸೆಂಟ್ ಜಾಸ್ತಿ, ದರವನ್ನು ಮುಂದೆ ಯಾವತ್ತಾದರೂ ಗೊತ್ತುಮಾಡಿಕೊಳ್ಳೋಣ ಎಂದಿರುತ್ತದೆ. ಫೇರ್‌ಟ್ರೇಡ್‌ನ ಕನಿಷ್ಠ ಬೆಲೆ ಪೇಟೆ ಕುಸಿದಾಗ ಕಾಯುತ್ತದೆ. ಪೇಟೆ ಅದಕ್ಕಿಂತ ಮೇಲಿದ್ದರೆ ಪೇಟೆಯ ದರವೇ ದರ. 2001ರ ಕೊನೆಯ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಪೌಂಡಿಗೆ 50 ಸೆಂಟ್ ಕೂಡ ಇರಲಿಲ್ಲ. ಆಗ ಕನಿಷ್ಠ ಬೆಲೆ ಬಹಳ ಸೊಸೈಟಿಗಳ ಜೀವ ಉಳಿಸಿತು. 2025ರ ಫೆಬ್ರವರಿಯಲ್ಲಿ ಅದೇ ದರ 4 ಡಾಲರ್ ದಾಟಿತು. ಎಲ್ಲರೂ ಖುಷಿಪಡಬೇಕಿತ್ತು, ಅಲ್ವಾ?

ಸಾಲದ ಮೇಜಿನಿಂದ ನೋಡಿದರೆ ಅದು ಕಷ್ಟದ ಕಾಲ. 84,600 ಡಾಲರ್‌ನ ಕಂಟೇನರ್ ಆಗ 1,70,000ಕ್ಕೂ ಜಾಸ್ತಿ. ಅದೇ ನಾಲ್ಕು ಕಂಟೇನರ್‌ಗೆ ಎರಡರಷ್ಟು ದುಡ್ಡು ಬೇಕು. ಸಾಲದ ಮಿತಿ ಮಾತ್ರ ಹೋದ ವರ್ಷದ್ದೇ. ಅರ್ಧ ಹಣ್ಣು ಕೊಳ್ಳುವಷ್ಟರಲ್ಲಿ ಸೊಸೈಟಿಯ ಪೆಟ್ಟಿಗೆ ಖಾಲಿ, ಉಳಿದರ್ಧ ದಲ್ಲಾಳಿಗೆ. ಒಪ್ಪಂದದ ಪ್ರಕಾರ ಕಾಫಿ ಕಳಿಸಲಾಗದೆ ಹೆಸರು ಕೆಡಿಸಿಕೊಂಡವರು ಇದ್ದಾರೆ. ಮತ್ತೆ ಜುಲೈ ಹೊತ್ತಿಗೆ ದರ 3 ಡಾಲರ್‌ಗಿಂತ ಕೆಳಗಿಳಿಯಿತು. ಮೇಲಿದ್ದಾಗ ಹಣ್ಣು ಕೊಂಡು, ಇನ್ನೂ ಏರುತ್ತದೆ ಎಂದು ದರ ಗೊತ್ತುಮಾಡದೆ ಕೂತವರ ಗತಿ ನೋಡಿ. ಪೌಂಡಿಗೆ 50 ಸೆಂಟ್ ಇಳಿದರೂ ಒಂದು ಕಂಟೇನರ್‌ಗೆ 21,000 ಡಾಲರ್ ನಷ್ಟ. ಸಣ್ಣ ಸೊಸೈಟಿಗೆ ಇಷ್ಟು ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ಆದ್ದರಿಂದ ನಾನು ಸೊಸೈಟಿಗಳ ಮ್ಯಾನೇಜರ್‌ಗಳಿಗೆ ಹೇಳುವುದು ಒಂದೇ. ಕೊಂಡಷ್ಟಕ್ಕೆ ಆಗಿಂದಾಗಲೇ ದರ ಗೊತ್ತುಮಾಡಿ. ಒಂದು ಕಂಟೇನರ್ ಆಗುವಷ್ಟು ಹಣ್ಣು ಸೇರಿತೋ, ಅವತ್ತೇ ಖರೀದಿದಾರನಿಗೆ ಫೋನ್ ಮಾಡಿ. ನಾಳೆ ದರ ಏರಿದರೆ ಹೊಟ್ಟೆ ಉರಿಯುತ್ತದೆ, ಉರಿಯಲಿ. ಸಾಲದ ದುಡ್ಡಿನಲ್ಲಿ ಪೇಟೆಯ ಮೇಲೆ ಬಾಜಿ ಕಟ್ಟುವ ಹಕ್ಕು ಮ್ಯಾನೇಜರ್‌ಗೆ ಇಲ್ಲ. ಈ ಮಾತಿಗೆ ಮಹಾಸಭೆಯಲ್ಲಿ ಬೈಗುಳ ತಿಂದ ಮ್ಯಾನೇಜರ್‌ಗಳನ್ನು ನಾನು ಬಲ್ಲೆ. ಪಕ್ಕದ ಊರಿನವರು ಕಾದು ಜಾಸ್ತಿ ಗಳಿಸಿದ ವರ್ಷ ಸದಸ್ಯರ ಬಾಯಿ ಮುಚ್ಚಿಸುವುದು ಕಷ್ಟ.

ಕೋಕೋ ಕಡೆ ತಿರುಗಿದರೆ ಇದೇ ಸಮಸ್ಯೆ ದೇಶದ ಮಟ್ಟದಲ್ಲಿ ಕಾಣುತ್ತದೆ. ಘಾನಾದಲ್ಲಿ ರೈತರ ಬೆಲೆ ನಿಗದಿ ಮಾಡುವುದು ಸರ್ಕಾರದ ಕೋಕೋಬೋಡ್. 1990ರ ದಶಕದ ಆರಂಭದಿಂದ ಅದು ಪ್ರತಿ ವರ್ಷ ವಿದೇಶಿ ಬ್ಯಾಂಕುಗಳ ಗುಂಪಿನಿಂದ ಸಾಲ ತಂದು, ಪರವಾನಗಿ ಇರುವ ಖರೀದಿ ಕಂಪನಿಗಳಿಗೆ ಕೊಳ್ಳಲು ದುಡ್ಡು ಕೊಡುತ್ತಿತ್ತು. 1993ರಲ್ಲಿ ರೈತರೇ ಕಟ್ಟಿದ ಕುವಾಪಾ ಕೊಕೂ ಕೂಡ ಇದೇ ವ್ಯವಸ್ಥೆಯೊಳಗೆ ಬೆಳೆದದ್ದು. ಲಂಡನ್ನಿನ ಡಿವೈನ್ ಚಾಕೊಲೇಟ್ ಕಂಪನಿಯಲ್ಲಿ ಪಾಲು ಪಡೆಯುವ ಮಟ್ಟಕ್ಕೆ ಅದು ಹೋಯಿತು. 2024ರಲ್ಲಿ ಕೋಕೋಬೋಡ್ ಆ ವಾರ್ಷಿಕ ಸಾಲವನ್ನೇ ಕೈಬಿಟ್ಟಿತು, ಕೊಳ್ಳುವವರೇ ಮುಂಗಡ ತರಲಿ ಎಂದಿತು. ಕೋಕೋ ಟನ್ನಿಗೆ 10,000 ಡಾಲರ್ ದಾಟಿದ್ದ ವರ್ಷವೇ ಇದಾಯಿತು. ದೊಡ್ಡ ವಿದೇಶಿ ಕಂಪನಿಗಳಿಗೆ ಮುಂಗಡ ಹೊಂದಿಸುವುದು ಕಷ್ಟವಲ್ಲ. ರೈತರದೇ ಆದ ಖರೀದಿ ಸಂಸ್ಥೆಗೆ ಅದು ಸುಲಭದ ಮಾತಲ್ಲ.

ಪ್ರೀಮಿಯಂ ಬಗ್ಗೆ ಎರಡು ಮಾತು. ಪೌಂಡಿಗೆ 20 ಸೆಂಟ್ ಎಂದರೆ ಕಂಟೇನರ್‌ಗೆ ಸುಮಾರು 8,500 ಡಾಲರ್. ಅದರಲ್ಲಿ ಕನಿಷ್ಠ 5 ಸೆಂಟ್ ಇಳುವರಿ, ಗುಣಮಟ್ಟಕ್ಕೆ ಹೋಗಬೇಕು. ಉಳಿದದ್ದು ಶಾಲೆಗೋ ಸೇತುವೆಗೋ ಎಂದು ಸದಸ್ಯರ ಸಭೆ ತೀರ್ಮಾನಿಸಬೇಕು. ಅಧ್ಯಕ್ಷರು ಸಾಲದ ಅರ್ಜಿಯಲ್ಲಿ ಇದನ್ನು ಸಾಲ ತೀರಿಸುವ ಆದಾಯ ಎಂದು ತೋರಿಸಿದರೆ ನಾನು ಅಡ್ಡಗೆರೆ ಎಳೆಯುತ್ತೇನೆ. ಅದು ಸದಸ್ಯರ ದುಡ್ಡು. ಇನ್ನೊಂದು ವಿಷಯ ಗ್ರಾಹಕರಿಗೆ ಗೊತ್ತಿರುವುದಿಲ್ಲ. ಮುದ್ರೆ ಇದ್ದ ಮಾತ್ರಕ್ಕೆ ಎಲ್ಲ ಕಾಫಿಯೂ ಫೇರ್‌ಟ್ರೇಡ್ ಷರತ್ತಿನಲ್ಲಿ ಮಾರಾಟವಾಗುವುದಿಲ್ಲ. ಕೊಳ್ಳುವವರು ಎಷ್ಟು ಕೇಳಿದರೋ ಅಷ್ಟಕ್ಕೆ ಮಾತ್ರ ಪ್ರೀಮಿಯಂ. ಉಳಿದದ್ದು ಮಾಮೂಲಿ ಪೇಟೆಗೆ ಹೋಗುತ್ತದೆ, ಪ್ರಮಾಣಪತ್ರದ ಖರ್ಚು ಮಾತ್ರ ಪೂರ್ತಿ.

ನಾನು ಇಷ್ಟು ಹೊತ್ತು ಹೇಳಿದ್ದು ಒಂದು ಸೀಸನ್ನಿನ ಸಾಲದ ಮಾತು. ಪಲ್ಪಿಂಗ್ ಕೇಂದ್ರ ಕಟ್ಟಲು, ಮುದಿ ಗಿಡ ಕಿತ್ತು ಹೊಸದು ನೆಡಲು ಐದಾರು ವರ್ಷದ ಸಾಲ ಬೇಕು. ಹೊಸ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ. ಅಲ್ಲಿಯವರೆಗೆ ಮನೆ ನಡೆಯಬೇಕು, ಬಡ್ಡಿಯೂ ಓಡುತ್ತಿರುತ್ತದೆ. ಇದಕ್ಕೆ ಆಧಾರವಾಗುವ ಒಪ್ಪಂದವನ್ನು ಯಾವ ಖರೀದಿದಾರನೂ ಬರೆದುಕೊಡುವುದಿಲ್ಲ. ಜೊತೆಗೆ ಎಲ್ಗಾನ್‌ನಲ್ಲಿ ಬೆಟ್ಟವೇ ಕುಸಿಯುತ್ತದೆ. 2010ರ ಮಾರ್ಚ್‌ನಲ್ಲಿ ಅಲ್ಲಿನ ಬುದುಡಾ ಜಿಲ್ಲೆಯಲ್ಲಿ ಮಣ್ಣು ಜಾರಿ ನೂರಾರು ಜನ ಸತ್ತರು ಅಥವಾ ಕಾಣೆಯಾದರು. ಅಂಥ ಇಳಿಜಾರಿಗೆ ಐದು ವರ್ಷದ ಸಾಲ ಕೊಡಲು ಯಾರ ಕೈಯಾದರೂ ನಡುಗುತ್ತದೆ.

ಸಣ್ಣ ಸಾಲದ ಮತ್ತೊಂದು ತೊಡಕು ಖರ್ಚು. 50,000 ಡಾಲರ್ ಸಾಲಕ್ಕೂ ಹತ್ತು ಲಕ್ಷ ಡಾಲರ್ ಸಾಲಕ್ಕೂ ನನ್ನ ಓಡಾಟ, ವಕೀಲರ ಕಾಗದ, ಗೋದಾಮಿನ ತಪಾಸಣೆ ಹೆಚ್ಚುಕಡಿಮೆ ಒಂದೇ. ಶೇ. 10ರ ಆಸುಪಾಸಿನ ಬಡ್ಡಿಯಲ್ಲಿ ಸಣ್ಣದು ಗಿಟ್ಟುವುದಿಲ್ಲ. ಅದಕ್ಕೇ ಎಲ್ಲರೂ ಒಂದಷ್ಟು ದೊಡ್ಡ ಒಕ್ಕೂಟಗಳ ಹಿಂದೆಯೇ ಬೀಳುತ್ತಾರೆ. ಕೆನ್ಯಾ, ಉಗಾಂಡ, ತಾಂಜಾನಿಯಾ, ರುವಾಂಡಾಗಳಲ್ಲಿ 2020ರಿಂದ ಅಸೆಲಿ ಆಫ್ರಿಕಾ ಎಂಬ ವ್ಯವಸ್ಥೆ ಕೆಲಸ ಮಾಡುತ್ತಿದೆ. ಸಣ್ಣ ಕೃಷಿ ಸಾಲ ಕೊಟ್ಟ ಬ್ಯಾಂಕಿಗೆ ಅದು ಆ ಖರ್ಚಿನ ಒಂದು ಭಾಗ ತುಂಬಿಕೊಡುತ್ತದೆ, ಮೊದಲ ನಷ್ಟಕ್ಕೂ ಒಂದಿಷ್ಟು ಹೆಗಲು ಕೊಡುತ್ತದೆ. ಈ ದುಡ್ಡು ದಾನಿಗಳದ್ದು. ದಾನ ಸೇರಿದ ಸಾಲ ಸಾಲವೇ ಅಲ್ಲ ಎಂದು ಮೂಗು ಮುರಿಯುವ ಬ್ಯಾಂಕರ್‌ಗಳಿದ್ದಾರೆ. ನಮ್ಮಲ್ಲಿ ಬಡ್ಡಿ ರಿಯಾಯಿತಿಯ ದುಡ್ಡನ್ನು ಸರ್ಕಾರ ತುಂಬುವುದಿಲ್ಲವೇ? ಅಲ್ಲಿ ಸರ್ಕಾರದ ಕೈ ಅಷ್ಟು ಉದ್ದ ಇಲ್ಲ.

ಈಗ ಹೊಸ ಖರ್ಚೊಂದು ಬಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ ಒಳಗೆ ಬರಬಾರದು ಎಂದು ಯುರೋಪಿನ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಜಾರಿ ಮುಂದಕ್ಕೆ ಹೋಗುತ್ತಲೇ ಇದೆ, ಆದರೆ ಖರೀದಿದಾರರು ಈಗಾಗಲೇ ಪ್ರತಿ ತೋಟದ ಜಿಪಿಎಸ್ ಗುರುತು ಕೇಳುತ್ತಿದ್ದಾರೆ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೂ ಇದು ಹೊಸ ಸುದ್ದಿಯಲ್ಲ. ಎಕರೆ ಜಮೀನಿನ ಸಾವಿರಾರು ಸದಸ್ಯರಿರುವ ಸೊಸೈಟಿ ಪ್ರತಿಯೊಬ್ಬರ ತೋಟಕ್ಕೂ ಹುಡುಗರನ್ನು ಫೋನ್ ಕೊಟ್ಟು ಕಳಿಸಬೇಕು. ಆ ಖರ್ಚನ್ನು ಸೀಸನ್ನಿನ ಸಾಲದಲ್ಲೇ ಸೇರಿಸಿ ಕೊಡಿ ಎಂದು ಈಚೆಗೆ ಬರುವ ಅರ್ಜಿಗಳಲ್ಲಿ ಕೇಳುತ್ತಾರೆ. ಹಣ್ಣು ಕೊಳ್ಳುವ ದುಡ್ಡಿಗೆ ಕೈ ಹಾಕಬೇಡಿ, ಇದನ್ನು ಕೇಳಿದ ಖರೀದಿದಾರನ ಹತ್ತಿರವೇ ವಸೂಲಿ ಮಾಡಿ, ಒಪ್ಪಂದದಲ್ಲಿ ಬೇರೆ ಬಾಬ್ತಾಗಿ ಬರೆಸಿ ಎಂದು ನಾನು ವಾಪಸ್ ಕಳಿಸುತ್ತಿದ್ದೇನೆ. ಕೆಲವು ಖರೀದಿದಾರರು ಒಪ್ಪಿದ್ದಾರೆ.