ಉರಿ ಇಲ್ಲದ ಮೂತ್ರಕ್ಕೆ ಮಾತ್ರೆ ಯಾಕೆ?

"ಮೇಡಂ, ಅತ್ತೆಯವರ ಮೂತ್ರದಲ್ಲಿ ಮತ್ತೆ ಇ.ಕೋಲಿ ಬಂದಿದೆ." ರಿಪೋರ್ಟ್ ಹಿಡಿದ ಸೊಸೆಯ ಕೈ ನಡುಗುತ್ತಿತ್ತು. ಪಕ್ಕದಲ್ಲಿ 72ರ ಅಜ್ಜಿ ಸೆರಗಿನ ಗಂಟು ಬಿಚ್ಚಿ ಅಡಿಕೆ ಹುಡುಕುತ್ತಿದ್ದರು.

ಉರಿ ಇದೆಯಾ ಅಜ್ಜಿ? ಇಲ್ಲ. ಜ್ವರ? ಇಲ್ಲ. ಪದೇ ಪದೇ ಹೋಗಬೇಕು ಅನ್ನಿಸುತ್ತಾ? "ಮೊದಲು ಹೆಂಗೋ ಈಗಲೂ ಹಂಗೇ ಕಣವ್ವ."

ಆದರೂ ಎರಡು ತಿಂಗಳಲ್ಲಿ ಮೂರು ಕೋರ್ಸ್ ಆಂಟಿಬಯಾಟಿಕ್ ಆಗಿತ್ತು. ಕೋರ್ಸ್ ಮುಗಿದ ಕೂಡಲೇ ಕಲ್ಚರ್ (ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ), ಮತ್ತೆ ಇ.ಕೋಲಿ, ಮತ್ತೆ ಮಾತ್ರೆ. ಕೊನೆಯ ರಿಪೋರ್ಟಿನಲ್ಲಿ ಬಾಯಿಂದ ಕೊಡುವ ಬಹುಪಾಲು ಔಷಧಗಳ ಮುಂದೆ 'ಆರ್' ಅಂತಿತ್ತು. ಅಂದರೆ ಆ ಔಷಧಕ್ಕೆ ಈ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ. ಅಜ್ಜಿಗೆ ಸಿಕ್ಕಿದ್ದು ಭೇದಿ ಮಾತ್ರ. ಇಂಥದ್ದು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಇ.ಕೋಲಿ ನಮ್ಮ ಕರುಳಿನಲ್ಲೇ ಇರುವ ಜೀವಿ. 1885ರಲ್ಲಿ ಥಿಯೊಡೊರ್ ಎಷೆರಿಷ್ ಎಂಬ ಮಕ್ಕಳ ವೈದ್ಯರು ಇದನ್ನು ಕಂಡಿದ್ದೇ ಶಿಶುಗಳ ಮಲದಲ್ಲಿ. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಬಂದು ಸೇರಿಕೊಳ್ಳುತ್ತದೆ. ಕರುಳಿನ ಆಮ್ಲಜನಕವನ್ನು ಬಳಸಿ ಮುಗಿಸಿ, ಗಾಳಿ ಆಗದ ಇತರ ಬ್ಯಾಕ್ಟೀರಿಯಾಗಳಿಗೆ ಜಾಗ ಮಾಡಿಕೊಡುತ್ತದೆ. ಸ್ವಲ್ಪ ವಿಟಮಿನ್ ಕೆ ಕೂಡ ತಯಾರಿಸುತ್ತದೆ. ಇದೇ ಜೀವಿ ಮೂತ್ರನಾಳ ಹತ್ತಿ ಮೂತ್ರಕೋಶದ ಗೋಡೆಗೆ ಅಂಟಿಕೊಂಡು ಕೆರಳಿಸಿದರೆ ಸೋಂಕು. ಮೂತ್ರದ ಸೋಂಕುಗಳಲ್ಲಿ ಹೆಚ್ಚಿನವು ಇದರಿಂದಲೇ. ಹಾಗಾಗಿ ಸೊಸೆಯ ಭಯ ಸುಳ್ಳಲ್ಲ.

ಆದರೆ ಮೂತ್ರದಲ್ಲಿ ಇರುವುದು ಬೇರೆ, ಸೋಂಕು ಆಗುವುದು ಬೇರೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ವಯಸ್ಸಾದ ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಮೂತ್ರ ಹೋಗಲು ಕ್ಯಾತಿಟರ್ ಅನ್ನುವ ನಳಿಕೆ ಹಾಕಿದವರಲ್ಲಿ ಇದು ಏನೂ ತೊಂದರೆ ಕೊಡದೆ ಸುಮ್ನೆ ಇರುವುದು ಸಾಮಾನ್ಯ. ರಿಪೋರ್ಟಿನಲ್ಲಿ ಲಕ್ಷ ಕಾಲೊನಿ, ಅಂದರೆ ಬೆಳೆದ ಬ್ಯಾಕ್ಟೀರಿಯಾ ಗುಂಪುಗಳ ಎಣಿಕೆ, ಬಂದರೂ ಅಷ್ಟೇ. ಮಾತ್ರೆ ಕೊಟ್ಟರೆ ಸ್ವಲ್ಪ ದಿನ ಮಾಯವಾಗಿ ಮತ್ತೆ ಬರುತ್ತದೆ, ಆಗ ಔಷಧಕ್ಕೆ ಜಗ್ಗದ್ದೇ ಉಳಿದಿರುತ್ತದೆ. ನಿಜವಾಗಿ ಚಳಿಜ್ವರ ಬಂದ ದಿನ ಏನು ಕೊಡೋಣ?

ಇನ್ನೊಂದು ವಿಷಯ. ಅಜ್ಜಿಯ ಮೂತ್ರ ಹಿಡಿದದ್ದು ಬೆಳಿಗ್ಗೆ 6ಕ್ಕೆ, ಮನೆಯ ಹಳೇ ಬಾಟಲಿಯಲ್ಲಿ. ಬಸ್ಸಿನಲ್ಲಿ ಬಂದು ಲ್ಯಾಬ್ ಸೇರಿದ್ದು 11ಕ್ಕೆ. ಬಿಸಿಯಲ್ಲಿ ಇ.ಕೋಲಿ 20 ನಿಮಿಷಕ್ಕೆ ಎರಡರಷ್ಟಾಗಬಲ್ಲದು. ಲೆಕ್ಕ ಹಾಕಿ ನೋಡಿ. ಲ್ಯಾಬಿನವರು ಕೊಡುವ ಡಬ್ಬಿಯಲ್ಲೇ, ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿದು, ಎರಡು ಗಂಟೆಯೊಳಗೆ ಕೊಡಬೇಕು. ಆಗದಿದ್ದರೆ ಫ್ರಿಜ್ಜಿನಲ್ಲಿಡಿ.

ಗರ್ಭಿಣಿಯರ ವಿಷಯ ಹಾಗಲ್ಲ. ಅವರಿಗೆ ಉರಿ ಇಲ್ಲದಿದ್ದರೂ ಔಷಧ ಬೇಕು, ಇಲ್ಲದಿದ್ದರೆ ಸೋಂಕು ಕಿಡ್ನಿಗೆ ಏರಬಹುದು. ಮೂತ್ರನಾಳದ ಆಪರೇಷನ್ ಆಗುವವರಿಗೂ ಮುಂಚೆಯೇ ಕೊಡುತ್ತೇವೆ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

"ಹಾಗಾದ್ರೆ ಅದು ಒಳಗೇ ಇರುತ್ತಲ್ವಾ ಮೇಡಂ?" ಅಂದರು ಸೊಸೆ. ಇರುತ್ತಮ್ಮ, ಇರಲಿ ಅಂದೆ. ರಿಪೋರ್ಟಿನ ಹಿಂದೆ ದಪ್ಪಕ್ಷರದಲ್ಲಿ ಬರೆದುಕೊಟ್ಟೆ: ಉರಿ, ಚಳಿಜ್ವರ, ಪಕ್ಕೆನೋವು. ಇದರಲ್ಲಿ ಒಂದು ಬಂದರೂ, ಅಜ್ಜಿ ಇದ್ದಕ್ಕಿದ್ದಂತೆ ಮಂಕಾದರೂ, ರಾತ್ರಿಯಾದರೂ ಸರಿ ಕರೆದುಕೊಂಡು ಬನ್ನಿ. ಅಲ್ಲಿಯವರೆಗೆ ಕಲ್ಚರ್ ಬೇಡ.